ಒಂದು ಸೀಟಿ

ಎರಡು ಸಲ ಊದಿದರ ಬಿಡು,
ಒಂದು ಸಲ ಊದಿದರ ನಿಲ್ಲಿಸು.
ಹಗ್ಗದ ಹುಡುಗರಿಗೆ ನಾ ಕಲಿಸಿದ್ದು ಇಷ್ಟೇ.
ಶಹಾಪುರ ಡಿಪೋದಾಗ ಇಪ್ಪತ್ತೊಂದು ವರ್ಷ
ಡ್ರೈವರ್ ಮಂದಿಗೆ ಇದನ್ನ ಯಾರೂ ಕಲಿಸಿದ್ದಿಲ್ಲ,
ಹುಟ್ಟುತ್ತಲೇ ಬಂದಂಗ ಬಂದಿತ್ತು.

ಈಗ ನಾಲಿಗಿ ದಪ್ಪ ಆಗ್ಯಾದ.
'ನೀರು' ಅಂದರ ತಂಗಿಗೆ 'ನೂರು' ಕೇಳ್ತದ,
ಪಾಪ, ಪರ್ಸ್ ತೆಗೀತಾಳ.
ಮೊದಲು ಟಿಕೆಟ್ ಮಷೀನಿನ ಗುಂಡಿ ಒತ್ತಲಿಲ್ಲ,
ಆಮ್ಯಾಲ ಚಿಲ್ಲರ ಜಾರಿತು,
ಆಮ್ಯಾಲ ಕುಪ್ಪಸದ ಗುಂಡಿ.
ಸೊಲ್ಲಾಪುರದ ಡಾಕ್ಟರು ರೋಗದ ಹೆಸರು ಉದ್ದಕ್ಕ ಬರೆದರು,
ಔಷಧದ ಸಾಲಿಗೆ ಬಂದಾಗ ಪೆನ್ನು ಮುಚ್ಚಿದರು.

ಉಸಿರು ಇನ್ನೂ ಒಂದೀಟು ಅದ.
ಸೀಟಿ ಹಲ್ಲಾಗ ಕಚ್ಚಿಕೊಂಡೀನಿ.

ಗುಡ್ಡ ನಾ ಹತ್ತಿದ್ದಲ್ಲ.
ಹಿಂದಿನ ದಾರಿಲಿಂದ ನಾಲ್ಕು ಮಂದಿ ಹೊತ್ತು ತಂದರು.
ನಾಲ್ವರ ಹೆಗಲ ಮ್ಯಾಲ ಹೋಗೋದು ಬಾಕಿ ಅದ,
ಇವತ್ತು ಟ್ರಯಲ್ ಅಂದೆ.
ತಂಗಿ ನಗಲಿಲ್ಲ.

ತಿಪ್ಪಣ್ಣ ವೆಲ್ಡರ್ ಮಾಡಿದ ಕುರ್ಚಿ:
ಹಳೆ ಟ್ರ್ಯಾಕ್ಟರಿನ ಸೀಟು, ಎರಡು ಕೊಳವಿ,
ಬಂಡಿಗೆ ಒರೆಸದಂಗ ಮುಂದ ಒಂದು ಸಣ್ಣ ಗಾಲಿ.
ಕುತ್ತಿಗಿಗೆ ಪಟ್ಟಿ, ಎದಿಗೆ ಪಟ್ಟಿ, ತೊಡಿಗೆ ಪಟ್ಟಿ.
ಬಿಗಿಯುವಾಗ ಮಹೆಬೂಬ ಮಾರಿ ಆ ಕಡೆ ತಿರುಗಿಸಿದ.
"ಎಪ್ಪಾ, ಡೈಪರ್ ಹಾಕ್ಕೊಂಡ ಹೆಂಗಸಿನ ಮುಂದ
ನಾಚಿಕಿ ಯಾಕ, ಬರೋಬ್ಬರಿ ಬಿಗಿ" ಅಂದೆ.
ಅದರಾಗ ಅವನಿಗೆ ಏನು ತಿಳೀತೋ,
ಬಿಗಿದ.

ತಂಗಿ ಗಂಡ ಮಾತ್ರ ಕೆಳಗ ಜೀಪಿನ ಹತ್ರ ಕೂತು
"ಇಂಥಾ ವ್ಯಾಳ್ಯಾದಾಗ ಇದೆಲ್ಲಾ ಯಾಕ ಬೇಕಿತ್ತು" ಅಂತ
ನಾಲ್ಕು ಸಲ ಅಂದನಂತ,
ಐದನೇ ಸಲ ಮಿರ್ಚಿ ಭಜಿ ತಿಂದ.

ದಿನಾ ನೋಡಿದ ಗುಡ್ಡ ಇದು, ಬಸ್ಸಿನ ಕಿಟಕಿಯಿಂದ,
ಅರ್ಧ ಲೆಕ್ಕ, ಅರ್ಧ ಗುಡ್ಡ.
ಪರಊರಿನವರಿಗೆ ತೋರಿಸ್ತಿದ್ದೆ:
ಅಗೋ ಹಣಿ, ಅಗೋ ಮೂಗು, ಅಗೋ ಎದಿ,
ಬುದ್ಧ ಮಲಗ್ಯಾನ ನೋಡ್ರಿ.
ಆ ಮಲಗಿದವನಿಗೆ ಯಾರೂ 'ಏಳಪ್ಪ' ಅಂದಿದ್ದಿಲ್ಲ,
'ಹ್ಯಾಂಗಿದ್ದವ ಹ್ಯಾಂಗಾದಿ' ಅಂತ ಅತ್ತಿದ್ದಿಲ್ಲ.
ಹತ್ರ ಬಂದರ ಮೂಗೂ ಇಲ್ಲ, ಹಣಿಯೂ ಇಲ್ಲ,
ಬರೇ ಕಲ್ಲು, ಆಡಿನ ಹಿಕ್ಕಿ, ಕಾರೆ ಮುಳ್ಳು.

ಎರಡು ಸೀಟಿ.
ಕುರ್ಚಿ ಕೆಳಗಿನ ನೆಲ ತಪ್ಪಿತು.
ಹೊಟ್ಟಿ ಬಾಯಿಗೆ ಬಂತು. ಭೀಮಾ ಬ್ರಿಜ್ಜಿನ ಮ್ಯಾಲ
ಮುನೀರಸಾಬ ಒಮ್ಮೆ ಬ್ರೇಕ್ ಒತ್ತಿದಾಗ ಬಂದಿತ್ತಲ್ಲ, ಹಂಗ.
ಎಣ್ಣಿ ತಿಕ್ಕಿ ತಿಕ್ಕಿ ಎಲ್ಲರೂ ಬ್ಯಾಸತ್ತ ಈ ಕಾಲು
ಗಾಳಿಯೊಳಗ ತೂಗಾಡಿದ್ವು,
ತಮ್ಮದೇನೂ ತಪ್ಪಿಲ್ಲದಂಗ.
ಅಂಜಿಕಿ! ಖರೇ ಅಂಜಿಕಿ, ಹಗ್ಗದ ಅಂಜಿಕಿ.
ಎಷ್ಟು ದಿನ ಆಗಿತ್ತು, ಈ ರೋಗ ಬಿಟ್ಟು
ಬ್ಯಾರೆ ಒಂದಕ್ಕ ಅಂಜಿ.
ನಗು ಬಂತು. ಜೊಲ್ಲೂ ಬಂತು.
ಗಲ್ಲ ಕಲ್ಲಿಗೆ ತಾಗಿತು,
ಕಲ್ಲಿನಾಗ ರಾತ್ರಿಯ ತಂಪು ಇನ್ನೂ ಇತ್ತು.

ಅರ್ಧಕ್ಕ ಬಂದಾಗ ಊದಿದೆ,
ಒಂದು ಸೀಟಿ.

ಹಗ್ಗ ನಿಂತಿತು. ಮ್ಯಾಲಿಂದ "ಏನಾಯ್ತು ಭೀಮಬಾಯಕ್ಕ?"
ಕೆಳಗಿಂದ ತಂಗಿ ಚೀರಿದಳು,
ಅವಳ ಗಂಡ ಭಜಿ ಬಿಟ್ಟು ಎದ್ದ.
ಏನೂ ಆಗಿದ್ದಿಲ್ಲ.
ದೋರನಹಳ್ಳಿಯಾಗ ಮುದುಕಿಗೆ ನಿಲ್ಲಿಸೀನಿ,
ಭೀಮರಾಯನಗುಡಿಯಾಗ ಪರೀಕ್ಷೆಯ ಹುಡುಗರಿಗೆ,
ಸ್ಟಾಪಿಲ್ಲದಲ್ಲಿ ಬಸುರಿಗೆ, ವಾಂತಿಗೆ,
ಬಗಲಾಗಿಂದ ಜಿಗಿದ ಒಂದು ಕುರಿಮರಿಗೆ.
ನನಗಂತ ಒಂದು ಸಲನೂ ಊದಿದ್ದಿಲ್ಲ.

ಇಲ್ಲಿ ಇಳಿಯೋರಿಲ್ಲ, ಹತ್ತೋರಿಲ್ಲ.
ಕಾಲ ಕೆಳಗ ಕಾಲುವಿ ನೀರಿನ ಗದ್ದಿ, ಹಸಿರು ಚೌಕ ಚೌಕ,
ಅಲ್ಲಿ ದೂರ ನಮ್ಮ ಡಿಪೋದ ಬಸ್ಸು
ಬೆಂಕಿಪೆಟ್ಟಿಗಿಯಷ್ಟು, ಯಾದಗಿರಿ ಕಡೆ.
ಲೇಟಾಗ್ಯಾದ. ಹನ್ನೊಂದು ನಿಮಿಷ.

ಮಹೆಬೂಬ ಮತ್ತ ಕೂಗ್ಲಾಕತ್ತಾನ.
ಎರಡು ಸೀಟಿಯಷ್ಟು ಉಸಿರು
ಎದಿಯಾಗ ಎಣಿಸಿ ಇಟ್ಟೀನಿ.
ಜರಾ ತಡಿ.